ನಿಂತದ್ದು ನೆಲಮಹಡಿಯಲ್ಲಿ

ಫಲಕದ ಮೇಲೆ ಕೆತ್ತಿಸಬೇಕಾದ ಸಾಲುಗಳ ಕಾಗದವನ್ನು ಯಜಮಾನರು ಕೈಗೆ ಕೊಟ್ಟು "ಓದು ಸಾರಥಿ" ಎಂದಾಗ ಅವನಿಗೆ ಕಂಡದ್ದು ಬರೀ ಇರುವೆಗಳ ಸಾಲು. ಕಾಗದವನ್ನು ತೋಳು ಚಾಚಿ ದೂರ ಹಿಡಿದ, ಮೂಗಿನ ಹತ್ತಿರ ತಂದ, ಕಿಟಕಿಯ ಕಡೆಗೆ ಹೊರಳಿಸಿದ. ಇರುವೆಗಳು ಕದಲಿದವೇ ಹೊರತು ಅಕ್ಷರಗಳಾಗಲಿಲ್ಲ. ಓದಿದವನಂತೆ ತಲೆಯಾಡಿಸಿಬಿಡೋಣವೆಂದುಕೊಂಡ. ಇದೇ ಕೋಣೆಯಲ್ಲಿ ಹಾಗೆ ತಲೆಯಾಡಿಸಿ ಹೋದ ಎಷ್ಟು ಜನರನ್ನು ಅವನೇ ಲಿಫ್ಟಿನಲ್ಲಿ ಐದನೇ ಮಹಡಿಗೆ ಏರಿಸಿ, ಮತ್ತೆ ಇಳಿಸಿರಲಿಲ್ಲ! ಅರ್ಜಿಯ ಅಂಚಿನಲ್ಲಿ ಬರೆದ ಕಾರಣ ಅರ್ಥವಾಗದೆ, ಅರ್ಥವಾಗಲಿಲ್ಲವೆಂದು ಹೇಳುವ ಧೈರ್ಯವೂ ಇಲ್ಲದೆ, "ಸರಿ ಸರ್" ಎಂದು ಹೊರಬೀಳುತ್ತಿದ್ದವರು. ಆಗ ಈ ಕೋಣೆ ಪರವಾನಗಿ ಅಧಿಕಾರಿಯದು. ಈಗ ಕಟ್ಟಡವನ್ನು ಹರಾಜಿನಲ್ಲಿ ಕೊಂಡ ಯಜಮಾನರದು. ಮೇಜು ಬದಲಾಗಿತ್ತು, ಮೇಜು ಇಟ್ಟ ಜಾಗ ಬದಲಾಗಿರಲಿಲ್ಲ. ಬೆಳಕು ಆ ಕಡೆಯಿಂದಲೇ ತಾನೆ ಬರುವುದು.

"ಕಾಣಿಸ್ತಿಲ್ಲ ಅಲ್ವಾ?" ಯಜಮಾನರು ನಕ್ಕರು. ಚುಚ್ಚುವ ನಗೆಯಲ್ಲ. "ಅದನ್ನ ಹೇಳೋಕೆ ಯಾಕೆ ಸಂಕೋಚ? ಕೊಡು ಇಲ್ಲಿ." ಅವರೇ ಓದಿದರು: "'ಹತ್ತು ವರ್ಷಗಳ ಹಿಂದೆ ಇದೇ ದಿನ, ಇದೇ ಲಿಫ್ಟಿನಲ್ಲಿ, ಒಬ್ಬ ಸಾಮಾನ್ಯ ನೌಕರ ತಪ್ಪಿಸಿಕೊಂಡು ಹೋಗುತ್ತಿದ್ದ ಅಧಿಕಾರವನ್ನು ಬೇಕೆಂದೇ ತಡೆದು ಜನರ ಕೈಗೆ ಒಪ್ಪಿಸಿದ.' ಹೆಂಗಿದೆ? ಅಧಿಕಾರಿ ಅಂತ ಹಾಕಿಲ್ಲ ನೋಡು, ಅಧಿಕಾರ ಅಂತ ಹಾಕಿಸಿದ್ದೀನಿ. ಮನುಷ್ಯ ಸತ್ತ ಸುದ್ದಿ ಅಂಗಡಿಗಳ ಮುಂದೆ ಯಾಕೆ?"

ಲಿಫ್ಟು ಅದಲ್ಲ ಎಂದು ಹೇಳಬೇಕೆನಿಸಿತು. ಹಿತ್ತಾಳೆಯ ಹಿಡಿಕೆ, ಎಳೆಯುವ ಜಾಲರಿ ಬಾಗಿಲು ಇದ್ದ ಆ ಲಿಫ್ಟು ಗುಜರಿಗೆ ಹೋಗಿ ಏಳು ವರ್ಷವಾಗಿತ್ತು. ಅದೇ ಬಾವಿಯಂಥ ಗೂಡಿನಲ್ಲಿ ಈಗ ಓಡಾಡುವುದು ಗುಂಡಿಗಳಿರುವ ಹೊಸದು, ಅದಕ್ಕೆ ಯಾರ ಕೈಯೂ ಬೇಡ. ಯಜಮಾನರು ಆದರೂ ಅವನನ್ನು ಕಳಿಸಿರಲಿಲ್ಲ. ಸಮವಸ್ತ್ರ ಹೊಲಿಸಿ, ಕೂರಲು ಒಂದು ಎತ್ತರದ ಕುರ್ಚಿ ಹಾಕಿಸಿ, ಜನರ ಪರವಾಗಿ ಗುಂಡಿ ಒತ್ತಲು ಬಿಟ್ಟಿದ್ದರು. ಗಿರಾಕಿಗಳಿಗೆ ಅದು ಇಷ್ಟವಂತೆ. ಸಾರಥಿ ಎಂದು ಹೆಸರಿಟ್ಟ ಆ ಅಧಿಕಾರಿ ಸತ್ತಿದ್ದರು, ಅವರನ್ನು ಕೊಂದವರೂ ಅವನನ್ನು ಸಾರಥಿ ಎಂದೇ ಕರೆಯುತ್ತಿದ್ದರು.

"ನಾಲ್ಕು ಗಂಟೆಗೆ ಪತ್ರಿಕೆಯವಳು ಬರ್ತಾಳೆ. ಇದನ್ನ ಓದ್ತಾ ನಿಂತ ಹಾಗೆ ನಿನ್ನ ಫೋಟೋ. ಹೀಗೆ ಕಣ್ಣು ಕಿವುಚಿಕೊಂಡು ನಿಂತ್ರೆ ವೀರನ ಥರ ಕಾಣಲ್ಲ, ಮೋರಿಯೊಳಗೆ ಬಿದ್ದ ಬೀಗದ ಕೈ ಹುಡುಕೋನ ಥರ ಕಾಣ್ತೀಯ. ಎರಡನೇ ಮಹಡಿಗೆ ಹೋಗು, ಕನ್ನಡಕದಮ್ಮನ ಹತ್ರ ಕಣ್ಣು ತೋರಿಸ್ಕೊ. ನನ್ನ ಹೆಸರು ಹೇಳು."

ಕನ್ನಡಕದಮ್ಮ ಎಂದ ತಕ್ಷಣ ಅವನು ಒಂದು ಹೆಜ್ಜೆ ಹಿಂದೆ ಸರಿದ. ಆಕೆ ಆ ಅಧಿಕಾರಿಯ ಹೆಂಡತಿ. ಅದು ಯಜಮಾನರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೂ ಅವರು ತಲೆ ಕೆಡಿಸಿಕೊಳ್ಳುವವರಲ್ಲ. ಬಾಡಿಗೆ ಸರಿಯಾಗಿ ಕೊಡುವವರು ಯಾರಾದರೇನು ಎನ್ನುವ ಮನುಷ್ಯ. ಅಂಗಿ ಗುಂಡಿಯ ಕಾರ್ಖಾನೆ ಹಾಕಲು ಹನ್ನೊಂದು ಸಲ ಅರ್ಜಿ ಕೊಟ್ಟು ಹನ್ನೊಂದು ಸಲವೂ ತಿರಸ್ಕಾರವಾಗಿ, ಹೊರಗಿನ ಬೆಂಚಿನ ಮೇಲೆ ಕೂತೂ ಕೂತೂ ಚಪ್ಪಟೆಯಾದವರು. "ಮೊದಲು ಈ ಕಟ್ಟಡಕ್ಕೆ ಬಂದೋರು ಬಗ್ಗಿ ನಿಲ್ತಿದ್ರು, ಒಳಗಿದ್ದೋರು ಕೂತಿರ್ತಿದ್ರು. ಈಗ ಬಂದೋರು ಕೂತ್ಕೋತಾರೆ, ಅಂಗಡಿಯೋರು ಬಗ್ಗಿ ನಿಲ್ತಾರೆ. ಇದಕ್ಕಿಂತ ದೊಡ್ಡ ಕ್ರಾಂತಿ ಯಾವುದು ಹೇಳು" ಎಂದು ಅವರು ಆಗಾಗ ಹೇಳುವುದುಂಟು. ಅದು ಸುಳ್ಳಲ್ಲ. ಮನೆಯಲ್ಲಿ ಎರಡನೇ ಹೊಲಿಗೆ ಯಂತ್ರ ಇಡಲಿಕ್ಕೂ ಇಲ್ಲಿಂದ ಪರವಾನಗಿ ಬೇಕಾಗಿದ್ದ ಕಾಲವನ್ನು ಸಾರಥಿ ಕಂಡಿದ್ದ. ಅವನ ಹೆಂಡತಿಯ ಹೆಸರಿನಲ್ಲೂ ಒಂದು ಅರ್ಜಿ ಇತ್ತು. ನಾಲ್ಕು ವರ್ಷ ಆ ಅರ್ಜಿ ಮಹಡಿಯಿಂದ ಮಹಡಿಗೆ ಅವನ ಲಿಫ್ಟಿನಲ್ಲೇ, ಅವನ ಕಣ್ಣೆದುರೇ, ಕಡತಗಳ ಗಾಡಿಯಲ್ಲಿ ಹೋಗಿ ಬಂದು ಮಾಡುತ್ತಿತ್ತು. ಈಗ ಮನೆಯ ಮುಂದಿನ ಕೋಣೆಯಲ್ಲಿ ಐದು ಯಂತ್ರಗಳಿದ್ದವು. ಹೋಟೆಲುಗಳಿಗೆ ಪರದೆ ಹೊಲಿದು ಕೊಡುವ ಅವಳ ಕೈಕೆಳಗೆ ಇಬ್ಬರು ಹೆಂಗಸರಿದ್ದರು. ಊಟಕ್ಕೆ ಕೂತಾಗ ಅವಳು ಈಗ ತಲೆ ಎತ್ತಿ ಮಾತಾಡುತ್ತಾಳೆ. ಇಷ್ಟೆಲ್ಲ ಒಳ್ಳೆಯದು ಎಲ್ಲಿಂದ ಶುರುವಾಯಿತೆಂದು ಹಿಂದಕ್ಕೆ ಹೋದರೆ ಒಂದು ಜಾಲರಿ ಬಾಗಿಲ ಹತ್ತಿರ ಬಂದು ನಿಲ್ಲಬೇಕಾಗುತ್ತಿತ್ತು.

ಮೆಟ್ಟಿಲಿಳಿದೇ ಹೊರಟ. ನಾಲ್ಕನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರ ಮುಂದೆ ಜನ ಟೋಕನ್ ಹಿಡಿದು ಕೂತಿದ್ದರು. ಆ ಮಹಡಿಯಲ್ಲಿ ಹಿಂದೆ ವಿಚಾರಣೆಯ ಕೋಣೆಗಳಿದ್ದವು, ಆಗಲೂ ಜನ ಹೀಗೇ ದವಡೆ ಹಿಡಿದುಕೊಂಡು ಕೂತಿರುತ್ತಿದ್ದರು. ಒಳಗಿನಿಂದ ಬಂದ ಸಣ್ಣ ನರಳಿಕೆಗೆ ಹೊರಗಿದ್ದವರೆಲ್ಲ ಒಟ್ಟಿಗೆ ತಲೆ ತಗ್ಗಿಸಿದರು. ಮೂರನೆಯದಕ್ಕೆ ಬಂದಾಗ ಲಿಫ್ಟು ಅವನ ಪಕ್ಕದಲ್ಲೇ, ಅವನಿಲ್ಲದೆ, ಸದ್ದಿಲ್ಲದೆ ಕೆಳಕ್ಕೆ ಜಾರಿತು. ಬಾಗಿಲ ಸಂದಿಯಲ್ಲಿ ತನ್ನ ಖಾಲಿ ಕುರ್ಚಿ ಬೆಳಕಿನಲ್ಲಿ ಇಳಿದು ಹೋಗುವುದು ಒಂದು ಕ್ಷಣ ಕಂಡಿತು.

ಸರಕಾರ ಬಿದ್ದ ಆ ದಿನ ಬೀದಿಯ ಕೂಗು ತಗಡಿನ ಮೇಲೆ ಕಾಳು ಸುರಿದ ಹಾಗೆ ಕೇಳಿಸುತ್ತಿತ್ತು. ಅಧಿಕಾರಿ ಐದನೇ ಮಹಡಿಯಲ್ಲಿ ಒಬ್ಬರೇ ಒಳಗೆ ಬಂದರು, ಕಂಕುಳಲ್ಲಿ ಚೀಲ, ಕೈಯಲ್ಲಿ ಊಟದ ಡಬ್ಬಿ. "ನೆಲಮಾಳಿಗೆಗೆ ನಡಿ ಸಾರಥಿ." ನೆಲಮಾಳಿಗೆಯಿಂದ ಹಿಂದಿನ ಓಣಿಗೊಂದು ಬಾಗಿಲಿತ್ತು. ಐದು, ನಾಲ್ಕು, ಮೂರು. ಅವರು ಕನ್ನಡಕ ಒರೆಸಿಕೊಳ್ಳುತ್ತ ನಿಂತಿದ್ದರು. ಅವತ್ತೇ ಬೆಳಿಗ್ಗೆ ಅದೇ ಲಿಫ್ಟಿನಲ್ಲಿ ಅವನ ಹೆಂಡತಿಯ ಅರ್ಜಿಯನ್ನು ಅವನ ಕೈಗೇ ಕೊಟ್ಟು, "ಎರಡನೇ ಯಂತ್ರ ಯಾಕಪ್ಪಾ? ಇರೋದು ಎರಡೇ ಕೈಯಲ್ವಾ" ಅಂದಿದ್ದರು. ಜೊತೆಗಿದ್ದ ಗುಮಾಸ್ತರು ನಕ್ಕಿದ್ದರು. ಅವನೂ ನಕ್ಕಿದ್ದ. ಅದೇ ಈಗಲೂ ಕೊರೆಯುವುದು, ತಾನೂ ನಕ್ಕದ್ದು. ಎರಡು, ಒಂದು. ಹಿಡಿಕೆ ನಿಂತಿತು. ಹದಿನೇಳು ವರ್ಷ ಆ ಕೈ ದಿನಕ್ಕೆ ನೂರು ಸಲ ನಿಂತದ್ದು ನೆಲಮಹಡಿಯಲ್ಲೇ. ಜಾಲರಿಯಾಚೆ ಹಜಾರದ ತುಂಬ ಜನ, ಅವರಿಗೆ ಒಳಗಿರುವುದು ಯಾರೆಂದು ಇನ್ನೂ ತಿಳಿದಿರಲಿಲ್ಲ. ಅಧಿಕಾರಿ ಕನ್ನಡಕ ಹಾಕಿಕೊಂಡು ನೋಡಿದರು. "ಇದು ನೆಲಮಾಳಿಗೆ ಅಲ್ವಲ್ಲ ಸಾರಥಿ" ಎಂದರು, ಅರ್ಜಿಯಲ್ಲಿ ಕಾಗುಣಿತದ ತಪ್ಪು ತೋರಿಸುವ ದನಿಯಲ್ಲಿ. ಆ ಮಾತಿಗೂ ಜಾಲರಿ ತೆರೆದದ್ದಕ್ಕೂ ನಡುವೆ ಮೂರು ಉಸಿರಿನಷ್ಟು ಹೊತ್ತಿತ್ತು. ಹಿಡಿಕೆಯನ್ನು ಒಂದು ಗೇಣು ತಳ್ಳಿದ್ದರೆ ಸಾಕಿತ್ತು. ಆ ಮೂರು ಉಸಿರಿನ ಸಂಗತಿಯನ್ನು ಅವನು ಯಾರಿಗೂ ಹೇಳಿರಲಿಲ್ಲ.

ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ ಕಪ್ಪು ಪರದೆಯ ಒಂದು ಚಿಕ್ಕ ಕೋಣೆ. ಗೋಡೆಯ ಮೇಲೆ ಅಕ್ಷರಗಳ ಹಲಗೆ ಮಾತ್ರ ಹೊಳೆಯುತ್ತಿತ್ತು. ಆಕೆ ಒಂದು ಮಾತನ್ನೂ ಹೆಚ್ಚಿಗೆ ಆಡದೆ ಅವನನ್ನು ಕೂರಿಸಿ, ಕಬ್ಬಿಣದ ಭಾರದ ಚೌಕಟ್ಟನ್ನು ಮೂಗಿನ ಮೇಲಿಟ್ಟು, ಗಾಜುಗಳನ್ನು ಒಂದೊಂದಾಗಿ ಸೇರಿಸತೊಡಗಿದರು. ಪ್ರತಿ ಗಾಜಿಗೂ ಕಿವಿಯ ಹತ್ತಿರ ಟಿಕ್ ಎನ್ನುವ ಸದ್ದು. ವರ್ಷವಿಡೀ ಆಕೆಯ ಪಕ್ಕದಲ್ಲಿ ಕೂತು ಎರಡನೇ ಮಹಡಿಯ ಗುಂಡಿ ಒತ್ತಿದ್ದ. ಇಷ್ಟು ಹತ್ತಿರ ಬಂದದ್ದು ಇದೇ ಮೊದಲು.

"ಇದು ಚೆನ್ನಾಗಿ ಕಾಣುತ್ತಾ, ಇದಾ?"

"ಎರಡೂ ಒಂದೇ ಥರ ಇದೆ ಅಮ್ಮ."

"ಒಂದೇ ಥರ ಇರಲ್ಲ. ಹೆದರಿಕೊಂಡೋರು ಹಾಗೆ ಹೇಳ್ತಾರೆ. ಇನ್ನೊಂದು ಸಲ ನೋಡಿ. ಇದು… ಇದು."

"ಎರಡನೇದು."

"ಹಾಂ." ಆಕೆ ಸಣ್ಣ ಬ್ಯಾಟರಿ ಹತ್ತಿಸಿ ಅವನ ಕಣ್ಣೊಳಗೆ ಬಿಟ್ಟರು. "ಮೇಲೆ ನೋಡಿ. ಕೆಳಗೆ. ಈಗ ನನ್ನ ನೋಡಿ." ನೋಡಲು ಮುಖವಿರಲಿಲ್ಲ, ಬರೀ ಬೆಳಕಿತ್ತು. ಬೆಳಕಿನ ಹಿಂದಿನಿಂದ ಆಕೆ ಕೇಳಿದರು. "ಯಜಮಾನ್ರು ಏನಾದ್ರೂ ಹೇಳಿದ್ರಾ?"

"ನಾಲ್ಕು ಗಂಟೆಗೆ ಫೋಟೋ ಅಂತ ಹೇಳಿದ್ರು."

"ಆ ಯಜಮಾನ್ರಲ್ಲ. ನಮ್ಮನೆಯವರು. ಲಿಫ್ಟಿನಲ್ಲಿ."

ಅವನು ತಲೆ ಹಿಂದಕ್ಕೆಳೆದ. ಆಕೆಯ ಬೆರಳು ಕಣ್ಣರೆಪ್ಪೆಯನ್ನು ಹಿಡಿದೇ ಇತ್ತು, ಬಿಗಿಯಾಗೇನಲ್ಲ. "ಅಲ್ಲಾಡಬೇಡಿ" ಎಂದರು. ಅವನು ಹೇಳಿದ. ಇದು ನೆಲಮಾಳಿಗೆ ಅಲ್ವಲ್ಲ ಸಾರಥಿ ಎಂದಷ್ಟೇ ಅಂದರೆಂದು ಹೇಳಿದ. ಆಕೆ ಬೆಳಕನ್ನು ಇನ್ನೊಂದು ಕಣ್ಣಿಗೆ ತಿರುಗಿಸಿದರು.

"ಅವರೇ ಅದು. ಎಲ್ಲಿದ್ರೂ ತಪ್ಪು ತಿದ್ದೋರು." ಬೆರಳಿನಿಂದ ರೆಪ್ಪೆಯನ್ನು ಇನ್ನಷ್ಟು ಮೇಲೆತ್ತಿದರು. "ನಿಮ್ಮ ವಿಷಯ ಗೊತ್ತಿದ್ದೇ ಇಲ್ಲಿ ಅಂಗಡಿ ಹಾಕಿದೆ. ಸೇಡು ಗೀಡು ಏನಿಲ್ಲ, ಜನ ಓಡಾಡೋ ಜಾಗ, ವ್ಯಾಪಾರಕ್ಕೆ ಒಳ್ಳೇದು ಅಂತ. ಕೆಳಗೆ ಝೆರಾಕ್ಸ್ ಅಂಗಡಿಯೋನು ಇದ್ದಾನಲ್ಲ, ಜಾಲರಿ ಎಳೆದೋನು. ಅವನಿಗೂ ಕನ್ನಡಕ ಕೊಟ್ಟಿದ್ದೀನಿ. ನಂಬರ್ ಸರಿಯಾಗಿ ಕೂತಿದೆ ಅಂತ ಇನ್ನೂ ನಾಲ್ಕು ಜನರನ್ನ ಕರ್ಕೊಂಡು ಬಂದ. ಬೇರೆ ಎಲ್ಲಾದ್ರೂ ಅವನ ಮುಖ ನೋಡೋಕೆ ಆಗ್ತಿತ್ತಾ ನನಗೆ? ಗಿರಾಕಿ ಆದ್ರೆ ಆಗುತ್ತೆ. ಇದು ಒಳ್ಳೇದೋ ಕೆಟ್ಟದ್ದೋ ನನಗೆ ಗೊತ್ತಾಗ್ತಿಲ್ಲ."

"ಅಮ್ಮ…"

"ಮದುವೆಯಾದಾಗಿಂದ ಕೇಳ್ತಿದ್ದೆ, ಒಂದು ಅಂಗಡಿಗೆ ಪರವಾನಗಿ ಕೊಡಿ ಅಂತ. ಹೆಂಡತಿಗೆ ಕೊಟ್ರೆ ನಾಲ್ಕು ಜನ ಏನಂತಾರೆ ಅನ್ನೋರು. ಒಂದು ಕಾಸು ಮುಟ್ಟಿದೋರಲ್ಲ. ಅಷ್ಟು ಪ್ರಾಮಾಣಿಕರ ಜೊತೆ ಸಂಸಾರ ಮಾಡೋದು ಕಷ್ಟ ಕಣ್ರೀ. ಅವರು ಹೋದ ಮೇಲೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಮೊದಲು ಒಂದು ಓಣಿಯಲ್ಲಿ ಚಿಕ್ಕ ಅಂಗಡಿ. ಅವತ್ತು ಬೀಗ ತೆಗೆದು ಒಳಗೆ ಕಾಲಿಟ್ಟಾಗ ಎಷ್ಟು ಖುಷಿಯಾಯ್ತು ಅಂದ್ರೆ, ಸಂಜೆ ಮನೆಗೆ ಹೋಗಿ ಬಾಗಿಲು ಹಾಕ್ಕೊಂಡು ಅತ್ತೆ. ದುಃಖಕ್ಕಲ್ಲ. ಆ ಖುಷಿ ನನಗೆ ಯಾರು ಕೊಟ್ಟಿದ್ದು ಅಂತ ಗೊತ್ತಾಗಿ."

ಬ್ಯಾಟರಿ ಆರಿತು. ಕತ್ತಲಲ್ಲಿ ಹಸಿರು ಚುಕ್ಕೆಗಳು ಈಜಾಡಿದವು. ಅವನಿಗೆ ಏಳಬೇಕೆನಿಸಿತು, ಮೂಗಿನ ಮೇಲಿನ ಕಬ್ಬಿಣ ಏಳಗೊಡಲಿಲ್ಲ.

"ನೀವು ಗೇಟಿನ ಕಾವಲಿನವನ ಹತ್ರ ಕೈ ತಾನಾಗಿ ನಿಂತ್ಕೊಳ್ತು ಅಂತ ಹೇಳಿದ್ರಂತೆ. ಫಲಕದಲ್ಲಿ ಬೇಕೆಂದೇ ಅಂತ ಬರೆಸ್ತಿದ್ದಾರಂತೆ. ಯಾವುದು?"

"ಗೊತ್ತಿಲ್ಲ ಅಮ್ಮ. ದೇವರಾಣೆ ಗೊತ್ತಿಲ್ಲ."

"ಎರಡೂ ಒಂದೇ ಥರ ಇರಲ್ಲ" ಎಂದರು ಆಕೆ, ಗಾಜಿನ ಬಗ್ಗೆ ಹೇಳಿದ ದನಿಯಲ್ಲೇ. "ತಾನಾಗಿ ನಿಂತಿದ್ರೆ ಅವರು ಸುಮ್ಮನೆ ಸತ್ತರು, ನನ್ನ ಅಂಗಡಿ ಸುಮ್ಮನೆ ಬಂತು. ನೀವು ನಿಲ್ಲಿಸಿದ್ದಾದ್ರೆ ನಿಮ್ಮ ಮೇಲೆ ಸಿಟ್ಟಾದ್ರೂ ಮಾಡ್ಕೋಬಹುದು. ಎರಡೂ ಇಲ್ದೆ ದಿನಾ ಬೆಳಿಗ್ಗೆ ನಿಮ್ಮ ಪಕ್ಕ ನಿಂತು ಮೇಲೆ ಬರೋಕೆ ನನ್ನ ಕೈಲಿ ಆಗ್ತಿಲ್ಲ." ಪರದೆ ಸರಿಸಿದರು. ಅಂಗಡಿಯ ಬೆಳಕು ಮುಖಕ್ಕೆ ಹೊಡೆಯಿತು. ಹೊರಗೆ ಒಬ್ಬ ಗಿರಾಕಿ ಕನ್ನಡಿಯ ಮುಂದೆ ಚೌಕಟ್ಟು ಹಾಕಿ ತೆಗೆದು ಮಾಡುತ್ತಿದ್ದ. ಆಕೆ ಅವನತ್ತ ನಗುತ್ತ ಹೋಗಿ, "ನಿಮ್ಮ ಮುಖಕ್ಕೆ ದುಂಡಗಿನದು ಒಪ್ಪುತ್ತೆ" ಎಂದರು. ನಿಜವಾದ ನಗೆ. ಅವನಿಗೆ ಅದು ಭಯ ಹುಟ್ಟಿಸಿತು.

ಮೂರೂವರೆಗೆ ಕನ್ನಡಕ ಸಿದ್ಧವಾಗಿತ್ತು, ಅಂಗಡಿಯ ಕೆಲಸದವಳು ತಂದುಕೊಟ್ಟಳು. ಹಾಕಿಕೊಂಡವನಿಗೆ ನೆಲಮಹಡಿಯ ಹಜಾರ ಒಮ್ಮೆಗೇ ಮೈಮೇಲೆ ಬಂದಂತಾಯಿತು. ನೆಲದ ಕಲ್ಲಿನ ಬಿರುಕು, ಬಿರುಕಿಗೆ ಹಚ್ಚಿದ ಸಿಮೆಂಟು, ಅಲ್ಲಿ ಸೇರುತ್ತಿದ್ದ ಬಾಡಿಗೆದಾರರ ಮುಖದ ಒಂದೊಂದು ಗೆರೆ. ಇಷ್ಟು ವರ್ಷ ಇವರೆಲ್ಲ ಅವನಿಗೆ ಬಣ್ಣ, ದನಿ, ಮಹಡಿಯ ನಂಬರು ಆಗಿದ್ದರು. ಈಗ ಮುಖಗಳಾದರು. ಝೆರಾಕ್ಸಿನವನು, ಅವನ ಹಿಂದೆ ಬೂಟಿನ ಅಂಗಡಿಯವನು, ಪ್ರವಾಸದ ಟಿಕೆಟ್ ಮಾಡುವ ಅಣ್ಣತಮ್ಮಂದಿರು. ಜಾಲರಿಯಾಚೆ ನಿಂತಿದ್ದ ಜನ ಎಲ್ಲಿಗೂ ಹೋಗಿರಲಿಲ್ಲ. ತೂಕ ಹೆಚ್ಚಿತ್ತು, ಕೂದಲು ಕಮ್ಮಿಯಾಗಿತ್ತು, ಒಳ್ಳೆಯ ಅಂಗಿ ಹಾಕಿದ್ದರು, ಅಷ್ಟೇ. ಅವತ್ತಿನಂತೆಯೇ ಅರ್ಧಚಂದ್ರಾಕಾರವಾಗಿ ನಿಂತು, ಲಿಫ್ಟಿನ ಕಡೆಗೇ ನೋಡುತ್ತಿದ್ದರು.

ಪತ್ರಿಕೆಯವಳು ಚಿಕ್ಕ ವಯಸ್ಸಿನವಳು. ಆ ದಿನ ಅವಳು ಇನ್ನೂ ಶಾಲೆಗೆ ಹೋಗುತ್ತಿದ್ದಿರಬೇಕು. ಅವನು ಕಾಗದವನ್ನು ತಡವರಿಸದೆ ಓದಿದ. ಫೋಟೋ ತೆಗೆದರು. ಅವಳು ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದು, "ಆ ಕ್ಷಣ ಏನನ್ನಿಸ್ತು ನಿಮಗೆ? ಬೇಕಂತಲೇ ನಿಲ್ಲಿಸಿದ್ರಲ್ವಾ?" ಎಂದು ಕೇಳಿದಳು. ಮೆಟ್ಟಿಲ ತಿರುವಿನಲ್ಲಿ ಕನ್ನಡಕದಮ್ಮ ಕಟಕಟೆ ಹಿಡಿದು ನಿಂತಿರುವುದು ಅವನಿಗೆ ಸ್ಪಷ್ಟವಾಗಿ ಕಂಡಿತು.

"ಹೌದು, ಬೇಕಂತಲೇ ನಿಲ್ಲಿಸಿದೆ" ಎಂದ. ಹೇಳುವಾಗ ಅಂಗೈಯಲ್ಲಿ ಹಿತ್ತಾಳೆಯ ತಂಪು ತಾಕಿತು. ಈ ಸಲ ಹಿಡಿಕೆಯನ್ನು ಬಿಗಿದು ಹಿಡಿದವನು ತಾನೇ ಎಂದು ಖಂಡಿತವಾಗಿ ಅನ್ನಿಸಿತು. ನೆನಪಾದದ್ದೋ, ಹೇಳಿದ್ದಕ್ಕೆ ಹುಟ್ಟಿಕೊಂಡದ್ದೋ, ಬೇರೆ ಮಾಡಲಾಗಲಿಲ್ಲ.

"ಜನರಿಗೋಸ್ಕರ?"

"ಅಲ್ಲ." ಕನ್ನಡಕವನ್ನು ಮೂಗಿನ ಮೇಲಕ್ಕೆ ಸರಿಸಿಕೊಂಡ. "ಅವತ್ತು ಬೆಳಿಗ್ಗೆ ನನ್ನ ಹೆಂಡತಿಯ ಅರ್ಜಿ ವಾಪಸ್ ಕೊಟ್ಟಿದ್ರು. ಎರಡನೇ ಹೊಲಿಗೆ ಯಂತ್ರದ್ದು. ಎಲ್ಲರ ಮುಂದೆ ತಮಾಷೆ ಮಾಡಿದ್ರು. ಅದಕ್ಕೆ ನಿಲ್ಲಿಸಿದೆ. ಅವರು ನೆಲಮಾಳಿಗೆ ಅಂದ್ರು, ನಾನು ಇಲ್ಲಿ ನಿಲ್ಲಿಸಿದೆ. ಇದು ಅದಲ್ಲ ಅಂತ ಅವರು ಹೇಳಿದ ಮೇಲೂ ಟೈಮಿತ್ತು. ಕೆಳಗೆ ಬಿಡಬಹುದಾಗಿತ್ತು. ಬಿಡಲಿಲ್ಲ. ಆಮೇಲೆ ಇವರು ಬಾಗಿಲು ತೆಗೆದ್ರು."

ಈಗ ಏನೋ ಒಡೆದುಹೋಗುತ್ತದೆ ಎಂದು ಕಾದ. ಝೆರಾಕ್ಸಿನವನು ತನ್ನ ಬೂಟು ನೋಡಿಕೊಂಡ. ಪತ್ರಿಕೆಯವಳು ಫೋನನ್ನು ಇನ್ನಷ್ಟು ಹತ್ತಿರ ತಂದಳು. ಯಜಮಾನರು ಒಂದು ಗಳಿಗೆ ಹುಬ್ಬು ಗಂಟಿಕ್ಕಿ ನಿಂತವರು ಮೆಲ್ಲಗೆ ಮುಂದೆ ಬಂದು ಅವನ ಹೆಗಲ ಮೇಲೆ ಕೈ ಹಾಕಿದರು. ಅವರ ಕಣ್ಣು ತುಂಬಿತ್ತು. "ಬರ್ಕೊಳಮ್ಮ" ಎಂದರು. "ಇದನ್ನ ಬರ್ಕೋ. ಸರಕಾರ ಯಾಕೆ ಬೀಳುತ್ತೆ ಅಂತ ದೊಡ್ಡ ದೊಡ್ಡ ಪುಸ್ತಕ ಬರೀತಾರೆ. ಒಂದು ಹೆಂಗಸು ಹೊಲೀತೀನಿ ಅಂತಾಳೆ, ಹೊಲೀಬೇಡ ಅಂತೀರಿ. ಅಷ್ಟೇ. ಅಷ್ಟಕ್ಕೇ ಬೀಳೋದು. ಈಗ ಆಯಮ್ಮನ ಮನೇಲಿ ಐದು ಯಂತ್ರ ಇದೆ, ಎರಡು ಸಂಸಾರ ಅದರಲ್ಲಿ ಊಟ ಮಾಡ್ತವೆ. ಫಲಕದಲ್ಲಿ ಹೊಲಿಗೆ ಯಂತ್ರದ ಚಿತ್ರಾನೂ ಹಾಕಿಸ್ತೀನಿ." ಅವರು ಮನಸಾರೆ ಹೇಳುತ್ತಿದ್ದರು, ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಸಾರಥಿ ಮೆಟ್ಟಿಲಿನತ್ತ ನೋಡಿದ. ಕನ್ನಡಕದಮ್ಮ ಅವನನ್ನೇ ನೋಡುತ್ತಿದ್ದರು. ಆ ಮುಖದಲ್ಲಿ ಬೇಡಿ ಪಡೆದ ಸಿಟ್ಟಿರಲಿಲ್ಲ. ಕೇಳಿದ ಸಾಮಾನು ಕೈಗೆ ಬಂದ ಮೇಲೆ ಇದನ್ನು ಎಲ್ಲಿಡುವುದೆಂದು ತೋಚದವರ ಮುಖ ಅದು. ಆಮೇಲೆ ತಿರುಗಿ, ಕಟಕಟೆ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಹೋದರು.

ಮನೆ ಸೇರಿದಾಗ ಇನ್ನೂ ಹಗಲ ಬೆಳಕಿತ್ತು. ಅವನಿಗಿಂತ ಮುಂಚೆ ಸುದ್ದಿ ಬಂದಿತ್ತು. ಯಾರೋ ವಿಡಿಯೋ ಮಾಡಿ ಕಳಿಸಿದ್ದರು, ಕೆಲಸದ ಇಬ್ಬರು ಹೆಂಗಸರಲ್ಲಿ ಒಬ್ಬಳ ಫೋನಿನಲ್ಲಿ ಅವನ ದನಿ ಆಗಷ್ಟೇ ಮುಗಿದಿತ್ತು. ಐದು ಯಂತ್ರಗಳೂ ನಿಂತಿದ್ದವು. ಹೆಂಡತಿ ಹೊಲಿಯುತ್ತಿದ್ದ ಪರದೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕನ್ನಡಕದಿಂದ ಅವಳ ಮುಖ ಎಷ್ಟೋ ವರ್ಷಗಳ ಮೇಲೆ ಕಂಡಿತು. ಇಷ್ಟು ವಯಸ್ಸಾಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

"ನನ್ನ ಹೆಸರು ಯಾಕೆ ತಂದ್ರಿ?"

"ನಿನ್ನ ಹೆಸರಲ್ಲ ಕಣೇ. ಅರ್ಜಿ ಅಂದೆ. ನಿಜ ಹೇಳಬೇಕಾಗಿತ್ತು."

"ಯಾವ ನಿಜ?" ಅವಳು ದನಿ ಏರಿಸಲಿಲ್ಲ. "ಎರಡನೇ ಯಂತ್ರ ನಾನು ಯಾವತ್ತು ಕೇಳಿದ್ದೆ? ಅರ್ಜಿ ಬರೆಸಿದ್ದು ನೀವು. ಇಲ್ಲಿ ಸಹಿ ಹಾಕು ಅಂದ್ರಿ, ಹಾಕಿದೆ. ಆಗ ಒಂದೇ ಯಂತ್ರದಲ್ಲಿ ಬೆನ್ನು ಮುರೀತಿತ್ತು, ಇನ್ನೊಂದು ಬಂದ್ರೆ ಗತಿಯೇನು ಅಂತ ಹೆದರಿದ್ದೆ. ಅವತ್ತು ವಾಪಸ್ ಬಂತು ಅಂತ ಹೇಳಿದ್ರಲ್ಲ, ಸದ್ಯ, ಪೀಡೆ ತೊಲಗಿತು ಅಂದ್ಕೊಂಡೆ. ಒಳಗೆ ಹೋಗಿ ನಿಮಗೆ ಕಾಣದ ಹಾಗೆ ನಕ್ಕಿದ್ದೆ."

ಅವನು ಬಾಗಿಲ ಚೌಕಟ್ಟಿಗೆ ಒರಗಿದ.

"ಈಗ ಇಷ್ಟ ನನಗೆ ಈ ಕೆಲಸ. ಇಲ್ಲ ಅಂತ ಹೇಳಲ್ಲ. ಈ ಕೋಣೆ ಬಿಟ್ಟು ನಾನು ಬದುಕಲ್ಲ. ಅದು ಬೇರೆ ಮಾತು. ಆದ್ರೆ ಒಬ್ಬ ಮನುಷ್ಯನ್ನ ನನಗೋಸ್ಕರ ಅಂತ ಕೊಟ್ಟುಬಿಟ್ರಲ್ಲ, ನಾನು ಬೇಡವೇ ಬೇಡ ಅಂದ್ಕೊಂಡಿದ್ದ ವಸ್ತುವಿಗೆ. ಹತ್ತು ವರ್ಷ ಆ ಸಾವು ನಿಮ್ಮದಾಗಿತ್ತು. ಇವತ್ತು ನಾಲ್ಕು ಗಂಟೆಗೆ ತಂದು ನನ್ನ ಮನೇಲಿ ಇಟ್ರಿ." ಪರದೆಯನ್ನು ಮಡಚಿ ಮೇಜಿನ ಮೇಲಿಟ್ಟು ಎದ್ದಳು. ಚಪ್ಪಲಿ ಹುಡುಕಿ ಹಾಕಿಕೊಂಡಳು.

"ಎಲ್ಲಿಗೆ?"

"ಕನ್ನಡಕದಮ್ಮನ ಹತ್ರ."

"ಏನು ಹೇಳ್ತೀಯ? ಇರು, ನಾನೂ ಬರ್ತೀನಿ."

"ಬೇಡ. ನೀವು ಹೇಳಿದ್ದು ಸಾಕು. ಏನು ಹೇಳ್ತೀನಿ ಅಂತ ನನಗೇ ಗೊತ್ತಿಲ್ಲ. ನಾನು ಕೇಳಿರಲಿಲ್ಲ ಅಂತಾದ್ರೂ ಅವರಿಗೆ ಗೊತ್ತಾಗ್ಲಿ." ಹೊಸ್ತಿಲಲ್ಲಿ ನಿಂತು, ಅವನ ಕನ್ನಡಕವನ್ನು ಈಗ ಗಮನಿಸಿದವಳಂತೆ ಒಮ್ಮೆ ನೋಡಿ, ಹೊರಟುಹೋದಳು.

ಅವನು ನಿಂತಲ್ಲೇ ನಿಂತ. ಕಿಟಕಿಯಾಚೆ ಅವಳ ತಲೆ ಗೋಡೆಯ ಮೇಲಿನಿಂದ ಸರಿಯುತ್ತ ಹೋಗಿ ತಿರುವಿನಲ್ಲಿ ಮರೆಯಾಯಿತು. ಕೆಲಸದ ಹೆಂಗಸರಿಬ್ಬರು ತಲೆ ತಗ್ಗಿಸಿ ಕೂತಿದ್ದರು. ಅವರ ಬೆನ್ನುಗಳು ಯಾವುದೋ ಬೆಂಚಿನ ಮೇಲೆ ಸರದಿ ಕಾಯುವವರ ಬೆನ್ನಿನ ಹಾಗೆ ಕಂಡವು. ಎಷ್ಟೋ ಹೊತ್ತಿನ ಮೇಲೆ ಅವರಲ್ಲಿ ದೊಡ್ಡವಳು ಅವನ ಕಡೆ ತಿರುಗದೆ ಕೇಳಿದಳು: "ಅಣ್ಣಾ, ನಾಳೆ ಬೆಳಿಗ್ಗೆ ಪರದೆ ಕೊಡಬೇಕು. ಹೊಲಿಯೋದಾ, ಬಿಡೋದಾ?"

ಅವನು ಉತ್ತರ ಕೊಡಬೇಕೆಂದು ಬಾಯಿ ತೆರೆದ. ಹೊಲಿಯಿರಿ ಎನ್ನಲು ನಾಲಿಗೆ ಏಳಲಿಲ್ಲ, ಬಿಡಿ ಎನ್ನಲೂ ಏಳಲಿಲ್ಲ. ಅವರು ಕಾದರು. ಮತ್ತೂ ಸ್ವಲ್ಪ ಕಾದರು. ಆಮೇಲೆ ಚಿಕ್ಕವಳು ಸೂಜಿಗೆ ದಾರ ಪೋಣಿಸಿದಳು, ದೊಡ್ಡವಳು ಬಟ್ಟೆಯನ್ನು ಎಳೆದುಕೊಂಡಳು. ಒಂದು ಯಂತ್ರ ಶುರುವಾಯಿತು, ಅದರ ಹಿಂದೆಯೇ ಇನ್ನೊಂದು. ಅವನು ಹೂಂ ಎನ್ನುತ್ತಾನೋ ಇಲ್ಲವೋ ಎಂದು ಅವರು ಆಮೇಲೆ ತಿರುಗಿ ನೋಡಲಿಲ್ಲ.